ಗೇಜ್ ಹೇಳಿದ ಸತ್ಯ

ನನ್ನ 2001ರ ಟ್ರಕ್ಕಿನ 5.9 ಲೀಟರ್ ಡೀಸೆಲ್ ಎಂಜಿನ್ ಏರಿನಲ್ಲಿ ಮುಗ್ಗರಿಸುತ್ತಿತ್ತು. ಎಲ್ಲರೂ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ದುಬಾರಿ ವಿಪಿ44 ಇಂಜೆಕ್ಷನ್ ಪಂಪನ್ನೇ ದೂರಿದರು. ನಾನು ಅದರ ಒಳಹರಿವಿಗೆ ಪ್ರೆಶರ್ ಗೇಜ್ ಜೋಡಿಸಿದೆ. ನಿಂತಲ್ಲಿ 12 ಪಿಎಸ್‌ಐ (ಒತ್ತಡದ ಅಳತೆ) ಇದ್ದದ್ದು, ಭಾರ ಎಳೆಯುವಾಗ ಮುಳ್ಳು ನಡುಗುತ್ತಾ 5ಕ್ಕೆ ಕುಸಿಯಿತು. ಫಿಲ್ಟರ್ ಬದಲಿಸಿದರೂ ಅದೇ ಕಥೆ. ಕಳ್ಳ ಸಿಕ್ಕಿದ: ಟ್ಯಾಂಕಿನಿಂದ ಇಂಜೆಕ್ಷನ್ ಪಂಪಿಗೆ ಡೀಸೆಲ್ ತಳ್ಳುವ, ಸೊರಗಿದ ಲಿಫ್ಟ್ ಪಂಪ್!

ಈ ವಿಪಿ44ಕ್ಕೆ ಜಾರುವಿಕೆ, ತಂಪು ಎರಡೂ ಡೀಸೆಲ್ಲಿನಿಂದಲೇ. ಹರಿವು ಸಾಲದಿದ್ದರೆ ಒಳಗೊಳಗೇ ಸವೆಯುತ್ತದೆ. ಹಾಗೆಂದು ಒತ್ತಡವನ್ನು 25ಕ್ಕೆ ಏರಿಸುವ ಶೂರರ ಮಾತು ಕೇಳಬೇಡಿ. ಮುಂಭಾಗದ ಸೀಲ್ ಸೋರಿ ಡೀಸೆಲ್ ಎಂಜಿನ್ ಆಯಿಲಿಗೆ ಬೆರೆಯಬಹುದು. ಹೆಚ್ಚುವರಿ ಡೀಸೆಲ್ಲನ್ನು ಟ್ಯಾಂಕಿಗೆ ಮರಳಿಸುವ ವಿಪಿ44ರ ರಿಟರ್ನ್ ವಾಲ್ವ್ ತೆರೆಯುವುದು ಸುಮಾರು 14ಕ್ಕೆ; ಅದು ತೆರೆದರೆ ತಾನೇ ತಂಪು ಮಾಡುವ ಹರಿವು ಸರಿಯಾಗಿ ಸಾಗುವುದು. ಆದ್ದರಿಂದ ಹೊಸ ಲಿಫ್ಟ್ ಪಂಪ್ ಹಾಕಿಸಿ, ರೆಗ್ಯುಲೇಟರನ್ನು ನಿಂತಲ್ಲಿ 17 ಬರುವಂತೆ ತಿರುಗಿಸಿದೆ. ಈಗ ತುಂಬಿದ ಲೋಡಿನಲ್ಲೂ ಮುಳ್ಳು 14ಕ್ಕಿಂತ ಕೆಳಗಿಳಿಯುವುದಿಲ್ಲ.