ಮೊದಲು ಹಿಮನದಿ, ಆಮೇಲೆ ಜಲಪಾತ: ಐಸ್‌ಲ್ಯಾಂಡ್ ದಕ್ಷಿಣ ಕರಾವಳಿ ಒಂದೇ ದಿನದಲ್ಲಿ

ರೇಕ್ಯಾವಿಕ್‌ನಿಂದ ಒಂದನೇ ನಂಬರ್ ರಸ್ತೆ ಹಿಡಿದರೆ ಮೊದಲು ಸಿಗುವುದು ಸೆಲ್ಯಾಲಾಂಡ್ಸ್‌ಫೋಸ್ ಜಲಪಾತ, ಆಮೇಲೆ ಸ್ಕೋಗಾಫೋಸ್, ಆಮೇಲೆ ಸೋಲ್‌ಹೇಮಾಯೋಕುಲ್ ಹಿಮನದಿ, ಕೊನೆಗೆ ವೀಕ್ ಊರಿಗೆ ಮುಂಚೆ ರೇನಿಸ್‌ಫ್ಯಾರಾ ಕರಿಮರಳಿನ ತೀರ. ಸಿಕ್ಕ ಕ್ರಮದಲ್ಲೇ ನೋಡುತ್ತ ಹೋಗುವುದು ರೂಢಿ. ನಾನು ಅದನ್ನು ತಿರುಗಿಸಿ ಎರಡೂ ಜಲಪಾತಗಳನ್ನು ವಾಪಸ್ ದಾರಿಗೆ ಇಟ್ಟೆ. "ಸ್ವಂತ ಕಾರಲ್ಲಿ ಒಂದೇ ದಿನಕ್ಕೆ ನಾಲ್ಕೂ ಆಗಲ್ಲ, ಬಸ್ ಟೂರೇ ತಗೊಳ್ಳಿ" ಅಂದವರೇ ಹೆಚ್ಚು. 2024ರ ಸೆಪ್ಟೆಂಬರ್ ಮಧ್ಯದಲ್ಲಿ ನಾಲ್ಕೂ ನೋಡಿ, ಒಂಬತ್ತು ಗಂಟೆಗೆ ರೂಮು ಸೇರಿದ್ದೆವು.

ಅದಕ್ಕೂ ಮುಂಚೆ ರೂಢಿಯ ಕ್ರಮದಲ್ಲೇ ಹೋಗಿ ಎರಡು ಸಲ ಕೆಟ್ಟಿತ್ತು. ಸೆಲ್ಯಾಲಾಂಡ್ಸ್‌ಫೋಸ್‌ನಲ್ಲಿ ನೀರಿನ ಹಿಂದೆ ಒಂದು ಸುತ್ತು ಬಂದರೆ ಮಳೆಯಲ್ಲಿ ನಿಂತಷ್ಟೇ ಒದ್ದೆ. ನೆಂದ ಕೈಗವಸು ಆ ದಿನ ಒಣಗಲ್ಲ. ಅದೇ ಕೈಯಲ್ಲಿ ಹಿಮನದಿಗೆ ಹೋದರೆ ಗಾಳಿಗೆ ಹತ್ತು ನಿಮಿಷದಲ್ಲಿ ಬೆರಳು ಮರಗಟ್ಟಿ, ಕ್ರಾಂಪಾನಿನ (ಮಂಜಿನ ಮೇಲೆ ಜಾರದಂತೆ ಬೂಟಿನ ಅಡಿಗೆ ಕಟ್ಟುವ ಲೋಹದ ಹಲ್ಲುಗಳು) ಪಟ್ಟಿ ಬಿಗಿಯೋಕೂ ಬರಲ್ಲ. ಎರಡನೇ ಸಲ ಜಲಪಾತಗಳಲ್ಲೇ ಹೊತ್ತು ಹೋಗಿ, ಗೈಡ್ ಜೊತೆಗಿನ ಹಿಮನದಿ ನಡಿಗೆಗೆ ಕಾದಿರಿಸಿದ್ದ ಮಧ್ಯಾಹ್ನದ ಸ್ಲಾಟಿಗೆ ಇಪ್ಪತ್ತು ನಿಮಿಷ ತಡ. ಗುಂಪು ಹೊರಟಾಗಿತ್ತು. ಎರಡು ಟಿಕೆಟ್, ಹೆಚ್ಚುಕಮ್ಮಿ 28 ಸಾವಿರ ಕ್ರೋನಾ, ಹೋಯಿತು. ಗೈಡ್ ಕಾಯಬೇಕಿತ್ತು ಅಂತ ನಾನು ಹೇಳಲ್ಲ. ಒಬ್ಬರಿಗಾಗಿ ಹನ್ನೆರಡು ಜನ ಚಳಿಯಲ್ಲಿ ನಿಲ್ಲೋದು ಸರಿಯಲ್ಲ.

ಆದ ಕ್ರಮ ಇದು. ಆರೂವರೆಗೆ ಹೊರಟು, ದಾರಿಯ ಊರು ಹ್ವೋಲ್ಸ್‌ವೋಲುರ್‌ನಲ್ಲಿ ಪೆಟ್ರೋಲು, ಶೌಚ. ಸುಮಾರು 155 ಕಿ.ಮೀ. ಆದ ಮೇಲೆ ಎಡಕ್ಕೆ 221ನೇ ರಸ್ತೆ, ನಾಲ್ಕೈದು ಕಿ.ಮೀ. ಒಳಗೆ ಪಾರ್ಕಿಂಗ್. ಸ್ಲಾಟ್ ಒಂಬತ್ತೂವರೆಗೆ, ನಾವು ತಲುಪಿದ್ದು ಎಂಟೂ ಮುಕ್ಕಾಲಿಗೆ. ಆ ಮುಕ್ಕಾಲು ಗಂಟೆಯನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಶೂ ಸರಿಹೋಗದಿದ್ದರೆ ಬದಲಾಯಿಸೋಕೆ ಸಿಗೋದು ಅದೇ ಹೊತ್ತು.

ಸ್ಪೋರ್ಟ್ಸ್ ಶೂ ಅಡಿ ಬಾಗುತ್ತೆ, ಬಾಗಿದರೆ ಕ್ರಾಂಪಾನ್ ಕಳಚುತ್ತೆ. ಗಟ್ಟಿ ಅಡಿಯ, ಕಣಕಾಲು ಮುಚ್ಚುವ ಬೂಟು ಅಲ್ಲೇ ಬಾಡಿಗೆಗೆ ತಗೊಳ್ಳಿ. ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಅರ್ಧ ಸೈಜು ದೊಡ್ಡದಿರಲಿ. ಬಿಗಿಯಾದರೆ ಇಳಿಯುವಾಗ ಹೆಬ್ಬೆರಳ ಉಗುರು ಕಪ್ಪಾಗುತ್ತೆ. ಪಟ್ಟಿಯ ತುದಿ ಜೋತಾಡಬಾರದು, ಇನ್ನೊಂದು ಕಾಲಿನ ಹಲ್ಲು ಅದಕ್ಕೇ ಸಿಕ್ಕಿಕೊಳ್ಳೋದು. ಮಂಜಿನ ಮೇಲೆ ಹತ್ತು ನಿಮಿಷ ನಡೆದು ಮತ್ತೊಮ್ಮೆ ಬಿಗಿಯಿರಿ, ಒಂದು ತೂತು ಒಳಗೆ ಹೋಗೇ ಹೋಗುತ್ತೆ. ಎರಡು ಪಾದದ ನಡುವೆ ಒಂದು ಗೇಣು ಜಾಗ, ಪಾದ ಪೂರ್ತಿ ಊರಬೇಕು. ಇಳಿಜಾರಿನಲ್ಲಿ ಹಿಮ್ಮಡಿ ಮೊದಲು ಇಟ್ಟವರೇ ಜಾರೋದು. ಮಂಡಿ ಬಗ್ಗಿಸಿ, ಭಾರ ಮುಂದಕ್ಕೆ ಹಾಕಿ.

ಮೂರು ಗಂಟೆಯ ನಡಿಗೆ ಅಂದರೂ ಮಂಜಿನ ಮೇಲೆ ಇರೋದು ಒಂದೂವರೆ ಗಂಟೆ ಅಷ್ಟೇ. ಪಾರ್ಕಿಂಗಿನಿಂದ ಅಂಚಿಗೆ, ಕೆರೆಯ ಪಕ್ಕದ ದಾರಿಯಲ್ಲಿ, ಅರ್ಧ ಗಂಟೆ ಬೇಕು. ಆ ಕೆರೆಯೇ ಹಿಮನದಿ ಕರಗಿ ಹಿಂದೆ ಸರಿದ ಜಾಗ. ಈ ಹಿಮನದಿ ಮಿರ್ದಾಲ್ಸ್‌ಯೋಕುಲ್ ಅನ್ನೋ ದೊಡ್ಡ ಮಂಜಿನ ಹಾಸಿನ ಒಂದು ನಾಲಗೆ. ಮಂಜಿನ ಅಡಿಯಲ್ಲಿ ಕಾಟ್ಲಾ ಜ್ವಾಲಾಮುಖಿ ಇದೆ, ಅದು ಕೊನೆಯ ಸಲ ದೊಡ್ಡದಾಗಿ ಸಿಡಿದದ್ದು 1918ರಲ್ಲಿ. ಹೊಳೆಯಿಂದ ಗಂಧಕದ ವಾಸನೆ ಬರುತ್ತೆ. ಅದು ಎಂದಿಗಿಂತ ಜೋರಾಗಿದ್ದರೆ ಗೈಡ್‌ಗೆ ಹೇಳಿ.

ಮೇಲೆ ಇರುವೆಗೂಡಿನ ಹಾಗೆ ಕರಿ ಗುಡ್ಡೆಗಳು ಕಾಣುತ್ತವೆ. ಮೊಣಕಾಲೆತ್ತರದ ಒಂದನ್ನು ಐಸ್ ಕೊಡಲಿಯಿಂದ ಕೆರೆದು ನೋಡಿದೆ. ಮೇಲೆ ಎರಡು ಬೆರಳು ದಪ್ಪ ಬೂದಿ, ಒಳಗೆ ಗಾಜಿನಂಥ ಮಂಜುಗಡ್ಡೆ. ಬೂದಿ ತೆಳುವಾಗಿದ್ದರೆ ಬಿಸಿಲು ಹೀರಿ ಕೆಳಗಿನ ಮಂಜನ್ನು ಬೇಗ ಕರಗಿಸುತ್ತೆ, ದಪ್ಪವಾದರೆ ಕಂಬಳಿಯ ಹಾಗೆ ಕರಗದಂತೆ ಕಾಪಾಡುತ್ತೆ. ಸುತ್ತಲಿನದು ಕರಗಿ ಇಳಿದಾಗ ಗುಡ್ಡೆ ಉಳಿಯುತ್ತೆ. ಅದರ ಮೇಲೆ ಕಾಲಿಡಬೇಡಿ, ಮಣ್ಣಿನ ಹಾಗೆ ಕಂಡರೂ ಜಾರುತ್ತೆ.

2024ರ ದುಡ್ಡಿನ ಲೆಕ್ಕ, ನೆನಪಿನಿಂದ, ನಾಲ್ಕು ಜನಕ್ಕೆ. ಬಸ್ ಟೂರಾದರೆ ತಲೆಗೆ 25 ಸಾವಿರ, ಒಟ್ಟು ಒಂದು ಲಕ್ಷ ಕ್ರೋನಾ. ನಮಗೆ ಆದದ್ದು: ಸ್ಥಳದಲ್ಲೇ ಸೇರುವ ಸ್ಲಾಟ್ ನಾಲ್ಕಕ್ಕೆ 56 ಸಾವಿರ, ಬೂಟು 6, ಸಣ್ಣ ಕಾರು 10, ಪೆಟ್ರೋಲು 7, ಪಾರ್ಕಿಂಗ್‌ಗಳು 3, ಎಲ್ಲ ಸೇರಿ 82 ಸಾವಿರದ ಆಸುಪಾಸು. ಉಳಿದ 18 ಸಾವಿರ ಅಂದರೆ ಆಗಿನ ದರಕ್ಕೆ ಹತ್ತು ಹನ್ನೊಂದು ಸಾವಿರ ರೂಪಾಯಿ. ಇಬ್ಬರೇ ಆದರೆ ಉಳಿತಾಯ ಇಲ್ಲವೆಂದೇ ಲೆಕ್ಕ. 

ಈ ಉಳಿತಾಯವನ್ನೆಲ್ಲ ಒಂದೇ ಏಟಿಗೆ ನುಂಗೋದು ಕಾರಿನ ಬಾಗಿಲು. ಗಾಳಿಗೆ ಬಾಗಿಲು ಕಿತ್ತು ಹಿಂದಕ್ಕೆ ಮಡಚಿಕೊಂಡರೆ ಸಾಮಾನ್ಯ ವಿಮೆ ಕೊಡಲ್ಲ. ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ, ಒಬ್ಬೊಬ್ಬರೇ ಇಳಿಯಿರಿ, ಎರಡೂ ಕೈಯಲ್ಲಿ ಬಾಗಿಲು ಹಿಡಿಯಿರಿ. ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಎಚ್ಚರಿಕೆಯ ಬಣ್ಣ ನೋಡಿ. ಕಿತ್ತಳೆ ಇದ್ದರೆ ದಿನ ಬದಲಾಯಿಸಿ.

ಚಳಿಗೆ ಒಂದೆರಡು ಪ್ರಯೋಗ ಮಾಡಿದ್ದೆ. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗೇ ಬೆವರಿ ಕಾಲು ಇನ್ನೂ ತಣ್ಣಗಾಗುತ್ತೆ, ಬೇಡ. ತುಟಿಗೆ ಒಯ್ದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಯಿತು, ವ್ಯಾಸಲೀನೇ ಸರಿ. ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿ ಮಾತ್ರ ಒಂದು ಕೈಯಲ್ಲಿ ತಿನ್ನೋಕೆ ಎಲ್ಲಕ್ಕಿಂತ ಚೆನ್ನಾಗಿ ಆಯಿತು.

ಒಂದೂವರೆಗೆ ರೇನಿಸ್‌ಫ್ಯಾರಾ. ಅಲ್ಲಿ ಅಲೆ ಎಚ್ಚರಿಕೆಯ ದೀಪ ಇದೆ, ಕೆಂಪಿದ್ದರೆ ಮರಳಿಗೆ ಇಳಿಯಲೇಬೇಡಿ. ಜನ ಸತ್ತ ತೀರ ಅದು. ನಾಲ್ಕಾರು ಸಣ್ಣ ಅಲೆ ಬಂದು, ಹಿಂದೆಯೇ ಒಂದು ತೀರದುದ್ದಕ್ಕೂ ನುಗ್ಗುತ್ತೆ. ತಳ ಥಟ್ಟನೆ ಇಳಿಯೋದರಿಂದ ಎಳೆತ ಜಾಸ್ತಿ. ಒದ್ದೆ ಮರಳಿನ ಗೆರೆಯಿಂದ ಮೂವತ್ತು ಹೆಜ್ಜೆ ಮೇಲೇ ಇರಿ, ಸಮುದ್ರಕ್ಕೆ ಬೆನ್ನು ಕೊಟ್ಟು ಫೋಟೋ ಬೇಡ. 1973ರಲ್ಲಿ ಕರಿಮರಳಿನ ಮೇಲೆ ತುರ್ತಾಗಿ ಇಳಿದ ವಿಮಾನದ ಅವಶೇಷ ಇದೇ ದಾರಿಯಲ್ಲಿ ಇದ್ದರೂ ನಡಿಗೆಗೇ ಎರಡು ಗಂಟೆ ತಿನ್ನುತ್ತೆ, ಬಿಟ್ಟುಬಿಡಿ.

ವಾಪಸ್‌ನಲ್ಲಿ ಸ್ಕೋಗಾಫೋಸ್ ನಾಲ್ಕರ ಹೊತ್ತಿಗೆ. ಸೂರ್ಯ ಬೆನ್ನ ಹಿಂದೆ ಬರುವ ಕಡೆ ನಿಂತರೆ ಕಾಮನಬಿಲ್ಲು ಸಿಗುತ್ತೆ. ಕೊನೆಗೆ ಸೆಲ್ಯಾಲಾಂಡ್ಸ್‌ಫೋಸ್. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಆರೂವರೆಯ ಬಿಸಿಲು ನೀರಿನ ಪರದೆಯ ಒಳಗಿನಿಂದ ಹೊನ್ನಾಗಿ ಕಾಣುತ್ತೆ. ಬೆಳಗ್ಗೆ ನೋಡಿದವರಿಗೆ ಅದು ಸಿಗಲ್ಲ. ಈಗ ಎಷ್ಟು ನೆಂದರೂ ಚಿಂತೆಯಿಲ್ಲ, ಒಣ ಕಾಲುಚೀಲ, ಟವೆಲ್ ಕಾರಿನಲ್ಲಿರಲಿ. ಹೀಟರ್ ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿಕೊಂಡು ಹೊರಟರೆ ಎರಡು ಗಂಟೆಯಲ್ಲಿ ರೇಕ್ಯಾವಿಕ್.