ಹೊಲದಲ್ಲಿ ನಿಂತು ಬರೆಯುವ ಪಹಣಿ: ಬೆಳೆ ಸಮೀಕ್ಷೆಯಲ್ಲಿ ನನ್ನ ಅನುಭವ

ಸೇಡಂ ತಾಲ್ಲೂಕಿನ ನಮ್ಮೂರಿನಲ್ಲಿ 2019ರ ಮುಂಗಾರಿನಿಂದ ನಾನು ಬೆಳೆ ಸಮೀಕ್ಷೆಯ ಕೆಲಸ ಮಾಡುತ್ತಿದ್ದೇನೆ. ಸರ್ಕಾರಿ ಕಾಗದಗಳಲ್ಲಿ ನಮ್ಮನ್ನು ಖಾಸಗಿ ನಿವಾಸಿ ಎಂದು ಬರೆಯುತ್ತಾರೆ. ಊರಿನಲ್ಲಿ ಎಲ್ಲರೂ ಪಿ.ಆರ್. (ಪ್ರೈವೇಟ್ ರೆಸಿಡೆಂಟ್) ಎಂದೇ ಕರೆಯುತ್ತಾರೆ. ಸರ್ವೆ ನಂಬರು ಮತ್ತು ಹಿಸ್ಸಾ ಹಿಡಿದು ಒಂದೊಂದು ತಾಕಿಗೂ ನಡೆದುಹೋಗಿ, ಯಾವ ಬೆಳೆ, ಎಷ್ಟು ಎಕರೆ, ಎಷ್ಟು ಗುಂಟೆ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನು ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿ, ಬೆಳೆಯ ಫೋಟೊ ತೆಗೆದು ಕಳುಹಿಸುವುದು ನಮ್ಮ ಕೆಲಸ. ಮೇಲ್ವಿಚಾರಕರು ಅದನ್ನು ನೋಡಿ ಅನುಮೋದಿಸುತ್ತಾರೆ.

ಈ ಕೆಲಸದ ಬೆಲೆ ತಿಳಿಯಬೇಕಾದರೆ ಹಿಂದೆ ಪಹಣಿಯ ಬೆಳೆ ಕಲಂ ಹೇಗೆ ತುಂಬುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಬೇಕು. 2000ದ ಸುಮಾರಿಗೆ ಬಂದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು, ಕೈಬರಹದ ಪಹಣಿಯ ಕಾಲ ಮುಗಿಯಿತು. ಜಮೀನು ಯಾರದು ಎಂಬ ಪ್ರಶ್ನೆಗೆ ಅದು ಒಳ್ಳೆಯ ಉತ್ತರ ಕೊಟ್ಟಿತು. ಆದರೆ ಆ ಜಮೀನಿನಲ್ಲಿ ಈ ವರ್ಷ ಏನು ಬೆಳೆದಿದೆ ಎಂಬುದು ಬೇರೆಯೇ ಪ್ರಶ್ನೆ. ಚಾವಡಿಯಲ್ಲಿ ಕುಳಿತು, ಹೋದ ವರ್ಷ ಬರೆದದ್ದನ್ನೇ ಈ ವರ್ಷವೂ ಬರೆದರೆ ಕೇಳುವವರು ಇರುತ್ತಿರಲಿಲ್ಲ. ನಮ್ಮ ತಂದೆಯವರ ಪಹಣಿಯಲ್ಲಿ ಸೂರ್ಯಕಾಂತಿ ಎಂದು ಮುದ್ರಿತವಾಗಿದ್ದ ವರ್ಷಗಳಲ್ಲಿ ನಮ್ಮ ಹೊಲದಲ್ಲಿ ತೊಗರಿ ಇತ್ತು.

ಈಗ ಆ ಒಂದು ಕಲಂ ಮೇಲೆ ಬಹಳ ಭಾರ ಬಿದ್ದಿದೆ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ, ಈ ಮೂರಕ್ಕೂ ಸಮೀಕ್ಷೆಯ ಮಾಹಿತಿಯೇ ಆಧಾರ. ಸರ್ಕಾರದ ರೈತ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಗೆ ರೈತರ ಸರ್ವೆ ನಂಬರು ಜೋಡಣೆಯಾಗಿರುತ್ತದೆ, ಆ ಸರ್ವೆ ನಂಬರಿಗೆ ನಾವು ತೆಗೆದ ಫೋಟೊ ಜೋಡಣೆಯಾಗಿರುತ್ತದೆ. 2024-25ರಲ್ಲಿ ತೊಗರಿಗೆ ಕ್ವಿಂಟಲ್‌ಗೆ 7,550 ರೂಪಾಯಿ ಬೆಂಬಲ ಬೆಲೆ ಇತ್ತು. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಹೋದವರ ಹೊಲದಲ್ಲಿ ತೊಗರಿ ಇತ್ತೋ ಇಲ್ಲವೋ ಎಂದು ಕಂಪ್ಯೂಟರು ನೋಡುವುದು ನಮ್ಮ ದಾಖಲೆಯನ್ನೇ. ನಮ್ಮ ಬೆರಳು ತಪ್ಪಿದರೆ ಅದರ ಪೆಟ್ಟು ಬೀಳುವುದು ಒಂದು ಮನೆಯ ಇಡೀ ವರ್ಷದ ಗಳಿಕೆಯ ಮೇಲೆ.

ಆ್ಯಪ್‌ನಲ್ಲಿ ಊರಿನ ನಕಾಶೆ ತೆರೆದುಕೊಳ್ಳುತ್ತದೆ. ಅದರಲ್ಲಿ ತಾಕಿನ ಗೆರೆಗಳೂ ನಾವು ನಿಂತಿರುವ ಜಾಗ ತೋರಿಸುವ ಚುಕ್ಕೆಯೂ ಕಾಣುತ್ತವೆ. ಚುಕ್ಕೆ ಗೆರೆಯೊಳಗೆ ಬಂದರೆ ಮಾತ್ರ ಫೋಟೊ ತೆಗೆಯಬಹುದು. ಸರಪಳಿ ಹಿಡಿದು ಅಳೆದ ಹಳೆಯ ನಕಾಶೆಗಳನ್ನು ಉಪಗ್ರಹದ ಚಿತ್ರದ ಮೇಲೆ ಹೊಂದಿಸಿರುವುದರಿಂದ ಕೆಲವು ಕಡೆ ಗೆರೆ ಒಂದು ಕಡೆ, ಬದು ಇನ್ನೊಂದು ಕಡೆ ಇರುತ್ತದೆ. ಕೆಲವೊಮ್ಮೆ ಫೋನಿನ ಚುಕ್ಕೆಯೂ ಅತ್ತಿತ್ತ ಸರಿಯುತ್ತದೆ. ಮೊದಲ ವರ್ಷ ನಾನು ಚುಕ್ಕೆಯನ್ನೇ ನಂಬಿ, ಬದುವಿನ ಹತ್ತಿರ ನಿಂತು ಪಕ್ಕದವರ ಬೆಳೆಯ ಫೋಟೊ ತೆಗೆದದ್ದುಂಟು. ಈಗ ಬದುವಿನಿಂದ ಮೂವತ್ತು ಹೆಜ್ಜೆ ಒಳಗೆ ಹೋಗಿ, ಚುಕ್ಕೆ ಒಂದೆಡೆ ನಿಲ್ಲುವವರೆಗೆ ಕಾದು ಫೋಟೊ ತೆಗೆಯುತ್ತೇನೆ. ಮಳೆ ಬಿದ್ದ ಎರೆಹೊಲದಲ್ಲಿ ಮೂವತ್ತು ಹೆಜ್ಜೆ ಎಂದರೆ ಒಂದೊಂದು ಕಾಲಿಗೂ ಕಿಲೋಗಟ್ಟಲೆ ಮಣ್ಣು. ಆದರೂ ಬೇರೆ ದಾರಿಯಿಲ್ಲ.

ನನಗೆ ಪಾಠ ಕಲಿಸಿದ್ದು ಹೆಸರು ಬೆಳೆ. ನಮ್ಮ ಕಡೆ ತೊಗರಿ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಬಿತ್ತುವುದು ಹಳೆಯ ರೂಢಿ. ತೊಗರಿ ಜೂನ್–ಜುಲೈನಲ್ಲಿ ಬಿತ್ತಿದರೆ ರಾಶಿಯಾಗುವುದು ಡಿಸೆಂಬರ್–ಜನವರಿಗೆ. ಹೆಸರು ಎಪ್ಪತ್ತು ದಿನದೊಳಗೆ ಕೊಯ್ಲಿಗೆ ಬರುತ್ತದೆ. ಆ ಮೊದಲ ವರ್ಷ ನಾನು ಊರಿನ ಪೂರ್ವದ ಮಗ್ಗುಲಿಗೆ ಹೋಗುವಷ್ಟರಲ್ಲಿ ಸೆಪ್ಟೆಂಬರ್ ಅರ್ಧ ಕಳೆದಿತ್ತು. ಮೂರು ಎಕರೆಯ ಒಂದು ತಾಕಿನಲ್ಲಿ ಮೊಣಕಾಲೆತ್ತರದ ತೊಗರಿ ಕಂಡಿತು, ಮೂರು ಎಕರೆಗೂ ತೊಗರಿ ಎಂದು ಬರೆದು ಮುಂದಿನ ಹೊಲಕ್ಕೆ ಹೋದೆ. ಆ ಹೊಲದ ಆಯಿ ವಿಮೆ ಕಟ್ಟಿದ್ದು ಹೆಸರು ಬೆಳೆಗೆ. ವಿಮೆ ಹೇಳುವುದು ಒಂದು, ಸಮೀಕ್ಷೆ ಹೇಳುವುದು ಇನ್ನೊಂದು; ಬೆಳೆ ತಾಳೆಯಾಗಲಿಲ್ಲವೆಂದು ಆಕೆಯ ಅರ್ಜಿ ತಿರಸ್ಕೃತವಾಯಿತು. ಅಷ್ಟು ಹೊತ್ತಿಗೆ ಆಕ್ಷೇಪಣೆಯ ಅವಧಿಯೂ ಮುಗಿದಿತ್ತು. ಮನೆಗೆ ಬಂದು ಆಯಿ ಕೇಳಿದ್ದು ಒಂದೇ ಮಾತು: "ತಮ್ಮಾ, ನಾ ಹೆಸರು ಹಾಕಿದ್ದು ಊರಿಗೆಲ್ಲಾ ಗೊತ್ತದ, ನಿನ್ನ ಫೋನಿಗಿ ಯಾಕ ಗೊತ್ತಿಲ್ಲ?"

ಆ ತಾಕಿಗೆ ಮರುದಿನ ಮತ್ತೆ ಹೋದೆ. ತೊಗರಿ ಸಾಲುಗಳ ನಡುವೆ ಬಗ್ಗಿ ನೋಡಿದಾಗ, ಕೊಯ್ದ ಹೆಸರಿನ ಕೂಳೆಗಳು ನೇರ ಸಾಲಿನಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದ್ದವು. ಬಗ್ಗಿ ನೋಡಿದ್ದರೆ ಸೆಪ್ಟೆಂಬರಿನಲ್ಲೇ ನನಗೆ ತಿಳಿಯುತ್ತಿತ್ತು.

ಅಂದಿನಿಂದ ನಾನು ಕೆಲಸದ ಕ್ರಮ ಬದಲಿಸಿದೆ. ಸರ್ವೆ ನಂಬರಿನ ಕ್ರಮದಲ್ಲಿ ಹೋಗುವುದು ಸುಲಭ, ಎಲ್ಲರೂ ಹಾಗೆಯೇ ಹೋಗುತ್ತಾರೆ. ನಾನು ಬಿತ್ತನೆಯ ಸಮಯದಲ್ಲೇ ಗುಡಿಯ ಕಟ್ಟೆಯ ಮೇಲೆ ಕುಳಿತು, ಯಾರು ಯಾವ ಹೊಲದಲ್ಲಿ ಹೆಸರು ಮತ್ತು ಉದ್ದು ಹಾಕಿದ್ದಾರೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಆ್ಯಪ್ ತೆರೆದ ದಿನ ಮೊದಲು ಆ ತಾಕುಗಳಿಗೇ ಹೋಗುತ್ತೇನೆ. ಮಿಶ್ರ ಬೆಳೆಯಿದ್ದರೆ ಹೊಲಕ್ಕೆ ಅಡ್ಡಲಾಗಿ ನಡೆದು ಸಾಲು ಎಣಿಸುತ್ತೇನೆ. ಒಂದು ಸಾಲು ತೊಗರಿಗೆ ಎರಡು ಸಾಲು ಹೆಸರು ಇದ್ದರೆ ಮೂರು ಎಕರೆಯಲ್ಲಿ ತೊಗರಿ ಒಂದು ಎಕರೆ, ಹೆಸರು ಎರಡು ಎಕರೆ ಎಂದಾಗುತ್ತದೆ. ಇಲ್ಲಿಯೂ ಒಂದು ತೊಡಕಿದೆ. ಹೆಸರು ಕೊಯ್ದ ಮೇಲೆ ತೊಗರಿ ಕೊಂಬೆ ಚಾಚಿ ಹೊಲವನ್ನೆಲ್ಲ ಆವರಿಸುತ್ತದೆ, ರಾಶಿಯ ದಿನ ಬರುವ ಇಳುವರಿ ಒಂದು ಎಕರೆಯದಕ್ಕಿಂತ ಬಹಳ ಹೆಚ್ಚು. ಖರೀದಿ ಕೇಂದ್ರದ ಲೆಕ್ಕ ಮಾತ್ರ ಒಂದು ಎಕರೆಗೇ ನಿಲ್ಲುತ್ತದೆ. ಹೆಸರು ಬರೆದರೆ ತೊಗರಿಗೆ ನಷ್ಟ, ಬರೆಯದಿದ್ದರೆ ವಿಮೆಗೆ ನಷ್ಟ. ಈ ಕಷ್ಟವನ್ನು ನಾನು ರೈತರಿಗೆ ಮೊದಲೇ ಬಿಡಿಸಿ ಹೇಳುತ್ತೇನೆ, ಆದರೆ ಕಣ್ಣಿಗೆ ಕಂಡದ್ದನ್ನೇ ಬರೆಯುತ್ತೇನೆ. ಇದಕ್ಕೆ ಪರಿಹಾರ ಹುಡುಕಬೇಕಾದವರು ನೀತಿ ರೂಪಿಸುವವರು. ಹೊಲದಲ್ಲಿ ನಿಂತವನು ಸುಳ್ಳು ಬರೆದು ಅದನ್ನು ಸರಿಪಡಿಸಬಾರದು.

ಕಳುಹಿಸುವ ಮೊದಲು ನಮೂದನ್ನು ಗಟ್ಟಿಯಾಗಿ ಓದಿ ಹೇಳುವುದು ನಾನು ಮಾಡಿಕೊಂಡ ಇನ್ನೊಂದು ರೂಢಿ. ಓದು ಬಾರದವರೂ ತಮ್ಮ ಗುಂಟೆಯ ಲೆಕ್ಕದಲ್ಲಿ ತಪ್ಪುವುದಿಲ್ಲ. 2020ರಲ್ಲಿ ರೈತರೇ ತಮ್ಮ ಬೆಳೆಯ ಮಾಹಿತಿ ತುಂಬುವ ಆ್ಯಪ್ ಬಂತು, ನಮೂದನ್ನು ನೋಡಿ ಆಕ್ಷೇಪಣೆ ಹಾಕಲು ಬೆಳೆ ದರ್ಶಕ ಆ್ಯಪ್ ಕೂಡ ಇದೆ. ಫೋನ್ ಬಲ್ಲ ಹುಡುಗರಿರುವ ಮನೆಗಳಿಗೆ ಇವು ನಿಜವಾಗಿ ಅನುಕೂಲ. ಉಳಿದವರಿಗಾಗಿ ಆಕ್ಷೇಪಣೆಯ ಅವಧಿ ಶುರುವಾದಾಗ ಡಂಗುರ ಸಾರಿಸಿ, ನನ್ನ ಫೋನಿನಲ್ಲೇ ಒಬ್ಬೊಬ್ಬರದನ್ನೂ ತೆಗೆದು ತೋರಿಸುತ್ತೇನೆ.

ಪಾಲಿಗೆ ಮಾಡುವವರ ಸಂಗತಿ ಮಾತ್ರ ನನ್ನ ಕೈ ಮೀರಿದ್ದು. ನಮ್ಮೂರಿನ ಹಲವು ಜಮೀನುಗಳ ಮಾಲೀಕರು ಹೈದರಾಬಾದಿನಲ್ಲಿದ್ದಾರೆ, ಉಳುವವರು ಇಲ್ಲಿದ್ದಾರೆ. ಫ್ರೂಟ್ಸ್ ಐಡಿ ಪಹಣಿಯಲ್ಲಿ ಹೆಸರಿರುವವರದು, ಆದ್ದರಿಂದ ಹಣವೂ ಅವರ ಖಾತೆಗೇ ಹೋಗುತ್ತದೆ. 2022-23ರಲ್ಲಿ ನೆಟೆ ರೋಗ ಬಂದು ತೊಗರಿ ನಿಂತಲ್ಲಿಯೇ ಒಣಗಿದಾಗ, ಬೀಜ, ಗೊಬ್ಬರ, ಕೂಲಿಗೆ ಸಾಲ ಮಾಡಿದ್ದ ಪಾಲುಗಾರರು ನನ್ನ ನೋಟ್‌ಬುಕ್ ಹಿಡಿದುಕೊಂಡು ಮಾಲೀಕರಿಗೆ ಫೋನ್ ಮಾಡಿಸಿದರು. ಯಾವ ತಾಕನ್ನು ಯಾರು ಬಿತ್ತಿದ್ದರು ಎಂದು ನಾನು ಓದಿ ಹೇಳಿದೆ. ಒಬ್ಬ ಮಾಲೀಕರು ಬಂದ ಪರಿಹಾರವನ್ನು ಪೂರ್ತಿ ಕಳುಹಿಸಿಕೊಟ್ಟರು, ಇಬ್ಬರು ಕೊಡಲಿಲ್ಲ. ಬಿತ್ತಿದವರ ಹೆಸರಿಗೆ ಒಂದು ಕಲಂ ಇರಲಿ, ಹಣ ಕೊಡುವಾಗ ಅದನ್ನೂ ನೋಡಲಿ ಎಂದು ಸಭೆಗಳಲ್ಲಿ ಕೇಳುತ್ತಲೇ ಇದ್ದೇನೆ. ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಬರೆದಿಡುವುದನ್ನು ಬಿಟ್ಟಿಲ್ಲ.