ಜೆಲ್ಲಿಫಿಶ್ ತಗುಲಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ

ಮಲ್ಪೆಯಲ್ಲೋ ಗೋಕರ್ಣದಲ್ಲೋ ಸಮುದ್ರಕ್ಕೆ ಇಳಿದಾಗ ಕಾಲು ಚುರ್ ಅಂತ ಉರಿದರೆ ನಾವು ಮಾಡುವ ಮೊದಲ ಕೆಲಸವೇ ತಪ್ಪು. ಮರಳು ಹಾಕಿ ತಿಕ್ಕುತ್ತೇವೆ, ಇಲ್ಲಾಂದ್ರೆ ಬಾಟಲಿ ನೀರು ಸುರಿಯುತ್ತೇವೆ. ಎರಡರಿಂದಲೂ ಉರಿ ಜಾಸ್ತಿಯಾಗಬಹುದು.

ಯಾಕೆ ಅಂದರೆ, ಜೆಲ್ಲಿಫಿಶ್‌ನ ಉದ್ದನೆಯ ಎಳೆಗಳ ತುಂಬ ಕಣ್ಣಿಗೆ ಕಾಣದ ಕುಟುಕು ಕೋಶಗಳಿರುತ್ತವೆ. ಪ್ರತಿ ಕೋಶದಲ್ಲೂ ಒಂದು ಪುಟ್ಟ ಚೀಲ, ಅದರೊಳಗೆ ವಿಷ ಮತ್ತು ಸುರುಳಿ ಸುತ್ತಿಕೊಂಡ ಪೊಳ್ಳು ನಳಿಕೆ. ಚರ್ಮ ತಾಗಿದ್ದೇ ತಡ, ಒಳಗಿನ ಒತ್ತಡಕ್ಕೆ ನಳಿಕೆ ಸಿಡಿದು ಚುಚ್ಚಿಕೊಳ್ಳುತ್ತದೆ. ಇದೇ ಬಳಗದ ಹೈಡ್ರಾ ಎಂಬ ಪುಟ್ಟ ಸಿಹಿನೀರಿನ ಜೀವಿಯಲ್ಲಿ ಅಳೆದು ನೋಡಿದಾಗ ಈ ಸಿಡಿತಕ್ಕೆ ಹಿಡಿದದ್ದು ಬರೀ 700 ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ! ಮಿದುಳಿನ ಅಪ್ಪಣೆಯೇನೂ ಬೇಡ, ಮಿದುಳೇ ಇಲ್ಲ ಬಿಡಿ. ಅದಕ್ಕೇ ಸತ್ತು ದಡದಲ್ಲಿ ಬಿದ್ದದ್ದೂ ಚುಚ್ಚುತ್ತದೆ, ತುಂಡಾದ ಎಳೆಯೂ ಚುಚ್ಚುತ್ತದೆ. ನಿಮ್ಮ ಕಾಲಿಗೆ ಅಂಟಿಕೊಂಡ ಎಳೆಯಲ್ಲಿ ಇನ್ನೂ ಸಿಡಿಯದ ಕೋಶಗಳು ಬೇಕಾದಷ್ಟು ಉಳಿದಿರುತ್ತವೆ, ಅವನ್ನು ಕೆಣಕದೆ ತೆಗೆಯಬೇಕು, ಅಷ್ಟೇ ವಿಷಯ.

ಮೊದಲು ನೀರಿಂದ ಹೊರಗೆ ಬನ್ನಿ. ಸಮುದ್ರದ ನೀರನ್ನೇ ಹಾಕಿ ತೊಳೆಯಿರಿ. ಸಿಹಿನೀರು ಬಿದ್ದರೆ ಉಪ್ಪಿನ ಪ್ರಮಾಣ ಒಮ್ಮೆಲೇ ಬದಲಾಗಿ ಉಳಿದ ಕೋಶಗಳೂ ಸಿಡಿಯಬಹುದು. ಅಂಟಿದ ಎಳೆಯನ್ನು ಚಿಮುಟದಲ್ಲಿ ಎತ್ತಿ ತೆಗೆಯಿರಿ, ಅದಿಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳಿ. ಕೆರೆದು ತೆಗೆಯಲು ಹೋಗಬೇಡಿ. ಆಮೇಲೆ ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿ 20 ನಿಮಿಷ ಅದ್ದಿಡಿ. ಬಿಸಿ ಎಷ್ಟಿದೆ ಅಂತ ಗಾಯವಾಗದವರು ಮೊದಲು ಕೈಯಿಟ್ಟು ನೋಡಲಿ, ನೋವಿನ ಗಡಿಬಿಡಿಯಲ್ಲಿ ಚರ್ಮ ಬೇಯಿಸಿಕೊಂಡರೆ ಕಷ್ಟ. ಬಿಸಿನೀರು ಸಿಗದಿದ್ದರೆ ಐಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಿ, ಕರಗಿದ ನೀರು ಸೋರದ ಹಾಗೆ.

ವಿನೆಗರ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಪೆಟ್ಟಿಗೆಯಾಕಾರದ ಬಾಕ್ಸ್ ಜೆಲ್ಲಿಫಿಶ್ ಆದರೆ ಹೌದು, ಸಿಡಿಯದ ಕೋಶಗಳನ್ನು ಅದು ತಡೆಯುತ್ತದೆ. ಆದರೆ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಗೆ ಗಾಳಿಯ ಜೊತೆ ತೇಲಿ ಬರುವ ನೀಲಿ ಬಣ್ಣದ ಬ್ಲೂಬಾಟಲ್‌ಗೆ (2018ರ ಆಗಸ್ಟ್‌ನಲ್ಲಿ ಮುಂಬೈಯ ಬೀಚುಗಳಲ್ಲಿ ಗಲಾಟೆ ಎಬ್ಬಿಸಿದ್ದು ಇದೇ) ವಿನೆಗರ್ ಬೇಡ ಅನ್ನುತ್ತಾರೆ. ಅಂದ ಹಾಗೆ ಅದು ಜೆಲ್ಲಿಫಿಶ್ಶೇ ಅಲ್ಲ, ಬೇರೆ ಬೇರೆ ಕೆಲಸ ಹಂಚಿಕೊಂಡ ಪುಟ್ಟ ಜೀವಿಗಳ ಗುಂಪು. ಯಾವುದು ತಗುಲಿತು ಅಂತ ಗೊತ್ತಾಗದಿದ್ದರೆ ನಾನಂತೂ ಸಮುದ್ರದ ನೀರು, ಬಿಸಿನೀರು ಅಷ್ಟನ್ನೇ ನಂಬುತ್ತೇನೆ. ಮೂತ್ರ ಹಾಕುವ ಸಲಹೆ ಸುಮ್ನೆ ಮಾತು, ಬಿಟ್ಟುಬಿಡಿ.

ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡುವವರೇ, ಹವಳವೂ ಕಡಲ ಹೂವೂ (ಸೀ ಅನಿಮನಿ) ಇದೇ ಬಳಗ, ಅವಕ್ಕೂ ಕುಟುಕು ಕೋಶಗಳಿವೆ. ಮುಟ್ಟಬೇಡಿ. ನಿಮಗಿಂತ ಹವಳಕ್ಕೇ ಪೆಟ್ಟು ಜಾಸ್ತಿ.

ಉಸಿರಾಡಲು ಕಷ್ಟ, ಎದೆನೋವು, ತಲೆಸುತ್ತು, ವಾಂತಿ, ಮುಖ ಊದಿಕೊಳ್ಳುವುದು, ಇದರಲ್ಲಿ ಯಾವುದು ಕಂಡರೂ, ಅಥವಾ ಕಣ್ಣಿಗೇ ತಗುಲಿದ್ದರೆ, ಬಿಸಿನೀರು ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.